ಹತ್ತು ಗಂಟೆಗೇ ಊಟದ ಬೆಲ್ಲು

ಟ್ರಿಣ್‌ಣ್‌ಣ್‌ಣ್! ಬೆಲ್ಲು ನಿಲ್ಲುವ ಹಾಗೇ ಕಾಣಲಿಲ್ಲ.

ಹತ್ತು ಗಂಟೆಯಾಗಿ ಇನ್ನೂ ಹನ್ನೆರಡೇ ನಿಮಿಷ. ಆದರೆ ಕೆಳಗಿನ ಮಹಡಿಯ ಪುಟಾಣಿಗಳಿಗೆ ಅದೆಲ್ಲ ಯಾಕೆ? ಉದ್ದದ ಬೆಲ್ಲು ಅಂದರೆ ಊಟ! ಟಪಟಪ ಡಬ್ಬಿಗಳು ತೆರೆದವು. ಒಂದನೇ ಕ್ಲಾಸಿನ ಗುಂಡನಂತೂ ಡಬ್ಬಿ ಖಾಲಿ ಮಾಡಿ ಕೈಯನ್ನೂ ತೊಳೆದುಕೊಂಡು ಬಂದ.

ಮೇಲೆ ಐದನೇ ಕ್ಲಾಸಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ಬುಗುರಿಯೊಬ್ಬಳನ್ನು ಬಿಟ್ಟು. ಕೂತಲ್ಲಿ ಕೂರದವಳು ಅಂತ ಮನೆಯವರು ಇಟ್ಟ ಹೆಸರದು. ಈಗ ಅವಳೂ ಅಲ್ಲಾಡದೆ ಕೂತಿದ್ದಳು. ಬೆಲ್ಲಿನ ಪ್ರೋಗ್ರಾಮಿಗೆ ನಿನ್ನೆ ಕೈ ಹಾಕಿದವಳು ಅವಳೇ ತಾನೆ!

ಶಾಲೆಯ ಬೆಲ್ಲು ಬಾರಿಸುವುದು ಎರಡು ಪುಟ್ಟ ಪೆಟ್ಟಿಗೆಗಳು. ಕೆಳಗಿನ ಮಹಡಿಯದು ಹಳೆಯದು, ಮೇಲಿನದು ಹೊಸದು. ಮಾಡಿದವರು ಕಂಪ್ಯೂಟರ್ ಮಿಸ್, ಅಂದರೆ ಬುಗುರಿಯ ಸ್ವಂತ ಚಿಕ್ಕಮ್ಮ. ಪ್ರೋಗ್ರಾಮನ್ನು ಚಿಕ್ಕಮ್ಮ ಬಚ್ಚಿಟ್ಟಿರಲಿಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಬುಗುರಿ ತಿದ್ದಿದ್ದಳು. ಬರೀ ಟ್ರಿಣ್ ಬದಲು ಒಂದೊಂದು ಪೀರಿಯಡ್ಡಿಗೂ ಒಂದೊಂದು ಟ್ಯೂನ್!

ಬಿಡುವು ಸಿಕ್ಕಿದ್ದೇ ಅವಳು ಲ್ಯಾಬಿಗೆ ಓಡಿದಳು. ಹೆಡ್ ಮಿಸ್ ಬಾಗಿಲಲ್ಲೇ ನಿಂತಿದ್ದರು.

"ಮನೆಗೆ ಹೋಗೋ ಬೆಲ್ಲು ಸರಿಯಾಗಿ ಆಗ್ಲಿಲ್ಲ ಅಂದ್ರೆ ಎರಡೂ ಪೆಟ್ಟಿಗೆ ಬಿಚ್ಚಿಸಿಬಿಡ್ತೀನಿ, ಅಷ್ಟೇ!" ಎಂದು ಚಿಕ್ಕಮ್ಮನಿಗೆ ಹೇಳಿ ಹೊರಟುಹೋದರು.

ಬುಗುರಿಗೆ ಅಳು ಬಂತು. "ಚಿಕ್ಕೀ, ನನ್ನಿಂದಾನೇ..."

"ಸ್ಕೂಲಲ್ಲಿ ಮಿಸ್ ಅನ್ನು."

"ಮಿಸ್ ಚಿಕ್ಕೀ, ನನ್ನಿಂದಾನೇ ಆಗಿದ್ದು!"

ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. "ನಂದೂ ತಪ್ಪಿದೆ ಕಣೇ. ಮೇಲಿನದರಲ್ಲಷ್ಟೇ ಟೆಸ್ಟ್ ಮಾಡಿ ಎರಡಕ್ಕೂ ಕಳಿಸಿಬಿಟ್ಟೆ. ಊಟದ ಬೆಲ್ಲಿಗೆ ಏನು ಬರೆದಿದ್ದೆ, ನೋಡೋಣ."

ಪರದೆಯ ಮೇಲೆ ಅಂಕೆ ತುಂಬುವ ನಾಲ್ಕು ಮನೆಗಳು ಸಾಲಾಗಿದ್ದವು. ಮೊದಲು ಇದ್ದದ್ದು ಮೂರೇ: ಗಂಟೆ, ನಿಮಿಷ, ಎಷ್ಟು ಸೆಕೆಂಡ್ ಬಾರಿಸಬೇಕು ಅನ್ನುವುದು. ಬುಗುರಿ ತನ್ನ ಟ್ಯೂನ್ ನಂಬರಿಗೆ ಎಲ್ಲಕ್ಕಿಂತ ಮುಂದೆ ಜಾಗ ಮಾಡಿದ್ದಳು. ತನ್ನದಲ್ಲವೇ, ಮತ್ತೆ!

"ಹತ್ತು, ಹನ್ನೆರಡು, ಮೂವತ್ತು, ಎಂಟು. ಹತ್ತನೇ ಟ್ಯೂನು, ಹನ್ನೆರಡೂವರೆಗೆ, ಎಂಟು ಸೆಕೆಂಡು. ಸರಿಯಾಗೇ ಇದೆಯಲ್ಲ!" ಎಂದಳು ಬುಗುರಿ.

"ಮೇಲಿನದಕ್ಕೆ ಸರಿ. ಕೆಳಗಿನದಕ್ಕೆ ಟ್ಯೂನ್ ಅಂದ್ರೇನು ಅಂತಾನೇ ಗೊತ್ತಿಲ್ಲ. ಮೊದಲನೇ ಮನೇಲಿರೋದು ಗಂಟೆ ಅಂತಲೇ ಅದು ಓದತ್ತೆ."

ಬುಗುರಿಯ ಕಣ್ಣರಳಿತು. "ಅಯ್ಯಯ್ಯೋ! ಹತ್ತು ಗಂಟೆ, ಹನ್ನೆರಡು ನಿಮಿಷ, ಮೂವತ್ತು ಸೆಕೆಂಡು! ಅದಕ್ಕೇ ಅಷ್ಟು ಹೊತ್ತು ಬಡ್ಕೊಳ್ತು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದಕ್ಕೂ ಟ್ಯೂನ್ ಕಲಿಸಿಬಿಡೋಣ, ಮಿಸ್."

"ಅದರಲ್ಲಿ ಸ್ಪೀಕರೇ ಇಲ್ವಲ್ಲೇ. ಪಾಪ, ಅದರ ಮೂರು ಮನೆ ಅದಕ್ಕಿರಲಿ. ನಿಂದು ಬೇರೆ ಫೈಲಲ್ಲಿರಲಿ. ಕಳಿಸೋ ಮೊದಲು 'ನೀನು ಯಾವುದಪ್ಪಾ?' ಅಂತ ಪೆಟ್ಟಿಗೇನೇ ಕೇಳಿದ್ರಾಯ್ತು."

ಬುಗುರಿ ಮೂರು ಮನೆಗಳನ್ನು ಇದ್ದ ಹಾಗೇ ಬರೆದು ಆ ಫೈಲಿಗೆ 'ಹಳೇದು' ಅಂತ ಹೆಸರಿಟ್ಟಳು. ತನ್ನದಕ್ಕೆ 'ಹೊಸದು' ಅಂತಿಟ್ಟಳು. ಪೆಟ್ಟಿಗೆಯನ್ನು ಕೇಳುವ ಸಾಲುಗಳನ್ನು ಚಿಕ್ಕಮ್ಮ ಬರೆದಳು. ಈ ಸಲ ಎರಡರಲ್ಲೂ ಟೆಸ್ಟ್ ಮಾಡಿದರು.

ಸಂಜೆ ಹೆಡ್ ಮಿಸ್ ವಾಚ್ ನೋಡುತ್ತ ಮೆಟ್ಟಿಲ ಬಳಿ ನಿಂತಿದ್ದರು. ಬುಗುರಿ ಪಕ್ಕದಿಂದ ಆ ವಾಚಿನ ಕಡೆಗೇ ಇಣುಕುತ್ತಿದ್ದಳು.

ಟ್ರಿಣ್! ಕೆಳಗೆ ಬೆಲ್ಲಾಯಿತು. ಅದೇ ಹೊತ್ತಿಗೆ ಮೇಲಿನಿಂದ ಟ್ಯೂನ್ ಕೇಳಿಬಂತು. ಪುಟಾಣಿಗಳು ಬ್ಯಾಗು ಹಾಕಿಕೊಂಡೇ ಕುಣಿಯತೊಡಗಿದರು. ಹೆಡ್ ಮಿಸ್ ಕಾಲು ಕೂಡ ತಾಳ ಹಾಕಿತು.

"ಪೆಟ್ಟಿಗೆ ಇರಲಿ ಬಿಡಿ," ಎಂದರು ಅವರು.

ಗುಂಡ ಬಂದು ಬುಗುರಿಯ ಕೈ ಜಗ್ಗಿದ. "ಅಕ್ಕಾ, ನಾನು ದೊಡ್ಡೋನಾದ್ಮೇಲೆ ಬೆಲ್ಲಿಗೆ ಲೈಟೂ ಹಾಕ್ತೀನಿ! ಕೆಂಪು, ಹಸಿರು, ಎಲ್ಲಾ!"

ಬುಗುರಿ ಅವನನ್ನೇ ನೋಡಿದಳು. ಆಮೇಲೆ ತಿರುಗಿ ಲ್ಯಾಬಿಗೆ ಓಡಿದಳು.

'ಹಳೇದು' ಅಳಿಸಿ 'ಒಂದು' ಅಂತ ಬರೆದಳು. 'ಹೊಸದು' ಇದ್ದಲ್ಲಿ ಒಂದು ಗಳಿಗೆ ಕೈ ನಿಂತಿತು. ಅದನ್ನೂ ಅಳಿಸಿ 'ಎರಡು' ಅಂತ ಬರೆದಳು.

"ಯಾಕೇ?" ಅಂದಳು ಚಿಕ್ಕಮ್ಮ.

"ಮೂರು ಬರತ್ತೆ ಚಿಕ್ಕೀ. ಲೈಟಿರೋದು."

ಈ ಸಲ ಚಿಕ್ಕಮ್ಮ 'ಮಿಸ್ ಅನ್ನು' ಅನ್ನಲಿಲ್ಲ.