ಹುಲ್ಲಿನೊಳಗಿನ ತಮ್ಮ

ಬಹಳ ಹಿಂದೆ, ಹುಲ್ಲು ಆಳೆತ್ತರ ಬೆಳೆಯುತ್ತಿದ್ದ ಕಾಲದಲ್ಲಿ, ಹೊನ್ನಗಾವಲು ಎಂಬ ರಾಜ್ಯವಿತ್ತು. ಅಲ್ಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುತ್ತಾ ಚಿತ್ತಮ್ಮ ಮತ್ತು ಅವಳ ತಮ್ಮ ಚಿಕ್ಕಣ್ಣ ಬದುಕುತ್ತಿದ್ದರು. ಹೆತ್ತವರಿಲ್ಲದ ಅವಳಿಗೆ ತಮ್ಮನೆಂದರೆ ಪ್ರಾಣ.

ಆ ಗಾವಲಿನ ಮೇಲೆ ಬೂದಿಗಣ್ಣನೆಂಬ ಮಾಂತ್ರಿಕನ ಕಣ್ಣು ಬಿತ್ತು. ಅಡ್ಡ ನಿಂತ ಚಿಕ್ಕಣ್ಣನ ಮೇಲೆ ಅವನು ಬೂದಿ ಊದಿದ. ಚಿಕ್ಕಣ್ಣ ಮಾಯ! ಹುಲ್ಲಿನ ಗರಿಯ ಮೇಲೆ ರಾಗಿಕಾಳಿಗಿಂತ ಚಿಕ್ಕದೊಂದು ಬಿಳಿ ಮೊಟ್ಟೆ ಅಂಟಿಕೊಂಡಿತ್ತು.

"ಇದು ಹುಳುವಾಗಿ, ಕೋಶವಾಗಿ, ಪತಂಗವಾಗಬೇಕು. ಆಗ ನೀನು ಕರೆದರೆ ಮನುಷ್ಯನಾಗ್ತಾನೆ. ನಡುವೆ ಮೂರು ಸಲ ಬರ್ತೀನಿ. ಒಂದು ಸಲ ಸೋತರೂ ತಮ್ಮನೂ ಇಲ್ಲ, ಗಾವಲೂ ಇಲ್ಲ!" ಎಂದ ಬೂದಿಗಣ್ಣ.

"ಬಾರಪ್ಪ, ನೋಡೇ ಬಿಡೋಣ," ಎಂದಳು ಚಿತ್ತಮ್ಮ. ಎದೆ ಢವಢವ ಅನ್ನುತ್ತಿತ್ತು. ಅದನ್ನು ಅವನಿಗೇಕೆ ಹೇಳಬೇಕು?

ಮೊದಲ ಸಲ ಅವನು ಆನೆಗಾತ್ರದ ಮಾಯೆಯ ಹೋತವಾಗಿ ಬಂದ. ಮೇಯುತ್ತಾ ಮೇಯುತ್ತಾ ಮೊಟ್ಟೆಯ ಹತ್ತಿರಕ್ಕೇ ಬಂತು. ಮಾಯೆಯದಾದರೂ ಹೋತ ಹೋತವೇ ಅಲ್ಲವೇ? ಚಿತ್ತಮ್ಮ ಮನೆಯಲ್ಲಿದ್ದ ಉಪ್ಪನ್ನೆಲ್ಲಾ ತಂದು ದೂರದ ಬಂಡೆಯ ಮೇಲೆ ಸುರಿದಳು. ಹೋತ ಅದನ್ನು ನೆಕ್ಕುತ್ತಾ ಬಂದ ಕೆಲಸವನ್ನೇ ಮರೆಯಿತು.

ಮೊಟ್ಟೆಯೊಡೆದು ಹುಳು ಬಂತು. ಹುಲ್ಲಿನ ಬುಡದಲ್ಲಿ ರೇಷ್ಮೆಯ ಕೊಳವೆ ನೇಯ್ದುಕೊಂಡು, ಹೊತ್ತು ಗೊತ್ತಿಲ್ಲದೆ ತಿನ್ನತೊಡಗಿತು. "ನಮ್ಮ ಚಿಕ್ಕನೇ, ಅನುಮಾನವಿಲ್ಲ," ಎಂದು ಅಕ್ಕ ನಕ್ಕಳು. ಎರಡನೆಯ ಸಲ ಬೂದಿಗಣ್ಣ ಕಬ್ಬಿಣದ ಕೊಕ್ಕಿನ ಹಕ್ಕಿಯಾಗಿ ಎರಗಿದ. ಅವಳು ತನ್ನ ಕಂಬಳಿಯನ್ನು ಹುಲ್ಲಿನ ಮೇಲೆ ಬೀಸಿ ಹೊದಿಸಿದಳು. ಕುಕ್ಕಿದ ಕೊಕ್ಕು ಉಣ್ಣೆಯಲ್ಲಿ ಸಿಕ್ಕಿಕೊಂಡಿತು. ಹಕ್ಕಿ ಕಂಬಳಿ ಸಮೇತ ಓಟ ಕಿತ್ತಿತು.

ಬೇಸಿಗೆಯಲ್ಲಿ ಹುಳು ಅದೇ ಹುಲ್ಲಿನ ಬುಡದ ಮಣ್ಣು ಸೇರಿ ಕೋಶವಾಯಿತು. ಹೊಸ ಚಿಗುರು ಬರಲೆಂದು ಮಳೆಗೆ ಮುಂಚೆ ಹಳೆಯ ಹುಲ್ಲಿಗೆ ಬೆಂಕಿಯಿಡುವುದು ಅಲ್ಲಿನ ಕುರಿಗಾಹಿಗಳ ರೂಢಿ. ಬೂದಿಗಣ್ಣ ಮೂರನೆಯ ಸಲ ಆ ಬೆಂಕಿಗೇ ಬಿರುಗಾಳಿ ಊದಿದ.

"ಓಡಿ ಬಾರವ್ವಾ!" ಎಂದು ಜನ ಕೂಗಿದರು. ಅವಳು ಕದಲಲಿಲ್ಲ. ಕುರಿದೊಡ್ಡಿ ಉಳಿಸಿಕೊಳ್ಳಲು ಕುರಿಗಾಹಿಗಳು ಸುತ್ತಲಿನ ಹುಲ್ಲನ್ನು ತಾವೇ ಮೊದಲು ಸುಟ್ಟುಬಿಡುತ್ತಿದ್ದರಲ್ಲ, ಹಾಗೆಯೇ ತಮ್ಮನಿದ್ದ ಹುಲ್ಲುಪೊದೆಯ ಸುತ್ತಲೂ ಸುಟ್ಟು, ಒಳಗೆ ನುಗ್ಗಿದ ಕಿಡಿಗಳನ್ನು ಹಸಿ ಸೊಪ್ಪಿನಿಂದ ಬಡಿದು ಆರಿಸಿದಳು. ದೊಡ್ಡ ಬೆಂಕಿ ಬಂದು ನೋಡಿದರೆ ತಿನ್ನಲು ಏನೂ ಇಲ್ಲ! ಅಲ್ಲೇ ಸತ್ತಿತು.

ಮಳೆ ಬಿತ್ತು, ಕೋಶ ಬಿರಿಯಿತು, ಪತಂಗ ಹೊರಬಂತು. ಮುದುರಿದ ರೆಕ್ಕೆಗಳು ಒಣಗಿದಾಗ ಮೈಯೆಲ್ಲ ಒಣಹುಲ್ಲಿನ ಬಣ್ಣ, ನಡುವೆ ಬೆಳ್ಳಿಯ ಗೆರೆ. ಮಾತಿಗೆ ತಪ್ಪಿದ ಬೂದಿಗಣ್ಣ ನಾಚಿಕೆಯಿಲ್ಲದೆ ನಾಲ್ಕನೆಯ ಸಲವೂ ಹೊಸಕಲು ಬಂದ. ಪತಂಗ ರೆಕ್ಕೆ ಮಡಚಿ ಹುಲ್ಲಿಗಂಟಿ ಕುಳಿತು ತಾನೂ ಒಂದು ಕಡ್ಡಿಯಾಯಿತು. ಮೂಗಿನ ಮುಂದೆಯೇ ಇದ್ದರೂ ಅವನಿಗೆ ಕಾಣಲಿಲ್ಲ.

"ಚಿಕ್ಕಾ, ಬಾರೋ!"

ಪತಂಗ ಹಾರಿ ಅವಳ ಅಂಗೈಗೆ ಇಳಿಯಿತು. ಮರುಕ್ಷಣ ಚಿಕ್ಕಣ್ಣ ಎದುರಿಗೆ ನಿಂತಿದ್ದ. ಸೋತ ಬೂದಿಗಣ್ಣ ತಾನೇ ಬೂದಿಯಾಗಿ ಗಾಳಿಯಲ್ಲಿ ಹೋದ. ಗಾವಲಿನ ತುಂಬ ಕೇಕೆ, ಡೊಳ್ಳು! ಅಂದಿನಿಂದ ಹುಲ್ಲು ಸುಡುವಾಗ ಒಂದಿಷ್ಟು ಹುಲ್ಲನ್ನು ಪತಂಗಗಳಿಗೆಂದು ಬಿಟ್ಟು, ಎಲ್ಲರೂ ಸುಖವಾಗಿದ್ದರು.

ಮತ್ತೆ ಮನುಷ್ಯನಾದ ದಿನದ ಸಂಜೆ ಚಿಕ್ಕಣ್ಣ ನಡುಗುತ್ತಾ ಕೇಳಿದ, "ಅಕ್ಕಾ, ಚಳಿ. ಕಂಬಳಿ ಎಲ್ಲಿ?"

"ಹಕ್ಕಿ ಹೊತ್ಕೊಂಡು ಹೋಯ್ತು."

"ಸಾರಿಗೆ ಉಪ್ಪೇ ಇಲ್ವಲ್ಲಕ್ಕಾ?"

"ಹೋತ ನೆಕ್ಕಿತು."

"ಹಂಗಾದ್ರೆ ಮನೇಲಿ ಉಳಿದಿರೋದೇನು?"

ಚಿತ್ತಮ್ಮ ಅವನ ತಲೆಗೊಂದು ಮೊಟಕಿ, ಬರಸೆಳೆದು ಅಪ್ಪಿಕೊಂಡಳು. "ನೀನು ಕಣೋ."