ಏಳನೇ ಚೌಕದ ಗರಿಕೆ

ಶೈಲಜಾ ಮೂರು ತಿಂಗಳಿಂದ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ ಹುಲ್ಲನ್ನು ನಾನು ಹತ್ತೇ ನಿಮಿಷದಲ್ಲಿ ಕತ್ತರಿಸಿ ಜಿಪ್‌ಲಾಕ್ ಚೀಲಕ್ಕೆ ತುಂಬಿದೆ. ಅದೂ ಏನೋ ಘನಕಾರ್ಯ ಮಾಡಿದವನ ಹಾಗೆ ಬೀಗುತ್ತಾ. ನನ್ನಂಥ ಪೆದ್ದ ಇಡೀ ನಾರ್ತ್ ಕ್ಯಾರೊಲಿನಾದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಅದು ತೊಂಬತ್ತಾರರ ಸೆಪ್ಟೆಂಬರ್. ಶೈಲಜಾ ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನಾನು ಗುರುದತ್, ವಾರವೆಲ್ಲ ಪ್ರೋಗ್ರಾಮರ್, ಶನಿವಾರ ಅವಳ ಏಣಿ ಹಿಡಿಯುವವನು. ನಾವಿದ್ದ ಕ್ಯಾರಿ ಊರಿನಿಂದ ಮುಕ್ಕಾಲು ಗಂಟೆ ದೂರದಲ್ಲಿ ನಾರ್ವೆ ಮೂಲದ ಅಜ್ಜನೊಬ್ಬ ತನ್ನ ಹಿರಿಯರ ಪದ್ಧತಿಯಲ್ಲಿ ಕಟ್ಟಿದ ಮರದ ಮನೆಯಿತ್ತು. ಸೂರಿನ ಹಲಗೆಗಳ ಮೇಲೆ ಮರದ ತೊಗಟೆ, ಅದರ ಮೇಲೆ ಪಕ್ಕದ ಹುಲ್ಲುಗಾವಲಿನಿಂದ ಮಣ್ಣುಸಮೇತ ಎತ್ತಿ ತಂದ ಹುಲ್ಲು. ಇಪ್ಪತ್ತು ವರ್ಷ ಕಳೆದ ಮೇಲೆ ಸೂರಿನಲ್ಲಿ ಯಾವ ಗಿಡಗಳಿವೆ, ಕೆಳಗಿನ ಹುಲ್ಲುಗಾವಲಿನಲ್ಲಿ ಯಾವುವು? ಅದೇ ಅವಳ ಥೀಸಿಸ್. ಮೇಲೆ ಹನ್ನೆರಡು ಚೌಕ, ಕೆಳಗೆ ಹನ್ನೆರಡು. ತಿಂಗಳಿಗೊಮ್ಮೆ ಪ್ರತಿ ಗಿಡದ ಎಣಿಕೆ, ಎತ್ತರದ ಅಳತೆ.

"ಕೆಳಗೆ ನಲವತ್ತೊಂದು ಜಾತಿ, ಮೇಲೆ ಇಪ್ಪತ್ತೇಳೇ!" ಎಂದು ಒಮ್ಮೆ ಸೂರಿನಿಂದ ಕೂಗಿದಳು. "ಆದ್ರೆ ಇಲ್ಲಿರೋ ಆರು ಕೆಳಗೆ ಎಲ್ಲೂ ಇಲ್ಲ. ಗಾಳೀಲಿ, ಹಕ್ಕಿ ಜೊತೆ ಬಂದು ಸೆಟಲ್ ಆಗಿರೋವು."

"ನಮ್ಮ ಹಾಗೇ."

"ನೀವು ಹಕ್ಕಿ ಜೊತೆ ಬಂದ್ರಾ? ಪಾಪದ ಹಕ್ಕಿ!"

ನಗುವಾಗ ಅವಳ ಮೂಗಿನ ತುದಿಗೆ ಮಣ್ಣು ಮೆತ್ತಿತ್ತು. ಹೇಳಿದರೆ ಒರೆಸಿಕೊಂಡುಬಿಡುತ್ತಾಳೆ ಎಂದು ಹೇಳಲಿಲ್ಲ.

ಇರಲಿ, ಗರಿಕೆಯ ವಿಷಯಕ್ಕೆ ಬರುತ್ತೇನೆ. ವಸಂತಾ ಆಂಟಿ ಮನೆಯಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಗಣಪತಿ ಪೂಜೆ ಇಟ್ಟುಕೊಂಡಿದ್ದರು. ಗರಿಕೆ ತರುವ ಜವಾಬ್ದಾರಿ ನನ್ನ ತಲೆಗೆ ಬಿತ್ತು. "ಲಾನ್‌ದು ಬೇಡ ಕಣೋ. ಕೆಮಿಕಲ್ ಹೊಡೆದಿರ್ತಾರೆ, ನಾಯಿ ಬೇರೆ ಓಡಾಡಿರುತ್ತೆ," ಎಂದು ಆಂಟಿ ತಾಕೀತು ಮಾಡಿದ್ದರು. ನಾಯಿ ಹತ್ತದ ಹುಲ್ಲು ಎಲ್ಲಿದೆ? ಸೂರಿನ ಮೇಲೆ! ಶುಕ್ರವಾರ ಸಂಜೆ ಹೋದೆ. ಚೌಕ ಗುರುತಿಸುವ ಮರದ ಚೌಕಟ್ಟು ಅಲ್ಲಿರಲಿಲ್ಲ, ಎಣಿಕೆ ಮುಗಿದಿದೆ ಅಂದುಕೊಂಡೆ. ಅವಳು ಅದನ್ನು ಕೆಳಗಿನ ಹುಲ್ಲುಗಾವಲಿಗೆ ಒಯ್ದಿದ್ದಳು, ಸೂರಿನ ಎಣಿಕೆ ಭಾನುವಾರಕ್ಕೆ ಬಾಕಿಯಿತ್ತು ಎಂದು ನನಗೇನು ಗೊತ್ತು? ಗಣಪತಿಯ ಇಪ್ಪತ್ತೊಂದು ಹೆಸರಿಗೆ ಎರಡೆರಡು ಕುಡಿ, ಮೇಲೊಂದು ಇರಲಿ ಎಂದು ನಲವತ್ತಮೂರು ಕತ್ತರಿಸಿದೆ.

ಶನಿವಾರ ಬೆಳಿಗ್ಗೆ ಶೈಲಜಾ ಹಸಿರು ಸೀರೆ ಉಟ್ಟು ಬಂದಳು. ಜೀನ್ಸ್ ಬಿಟ್ಟು ಬೇರೆ ಯಾವುದರಲ್ಲೂ ಅವಳನ್ನು ನೋಡಿರದ ನಾನು ಕೈಯಲ್ಲಿದ್ದ ಹೂವಿನ ಬುಟ್ಟಿ ಮರೆತು ನಿಂತೆ. ಅವಳು ಮಾತ್ರ ಪೂಜೆಯ ತಟ್ಟೆಯನ್ನೇ ನೋಡುತ್ತಿದ್ದಳು.

"ಈ ಗರಿಕೆ ಎಲ್ಲಿಂದ ಬಂತು?"

ಬೇರೆ ಊರಿನ ಫ್ರೆಂಡ್ ತಂದುಕೊಟ್ಟ ಅನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು.

"ಸೂರಿನ ಮೇಲಿಂದ. ನಾನೇ ಕತ್ತರಿಸಿದೆ."

ಅವಳ ಮುಖ ಬಿಳಿಚಿಕೊಂಡಿತು. "ಸೆಪ್ಟೆಂಬರ್ ಕೌಂಟ್ ಇನ್ನೂ ಆಗಿಲ್ಲ ಗುರುದತ್. ಇದಿಲ್ದೆ ಇದ್ರೆ ಪ್ರೊಫೆಸರ್ ಒಪ್ಪಲ್ಲ. ಇನ್ನೊಂದು ಸಮ್ಮರ್ ಪೂರ್ತಿ ಮೊದಲಿಂದ ಮಾಡ್ಬೇಕು!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬುಡಕ್ಕೇ ಕತ್ತರಿಸಿದ್ದು, ಬೇರು ಹಾಗೇ ಇದೆ. ಎಲ್ಲಾ ಒಂದೇ ಚೌಕದ್ದು. ಏಳನೇದು."

"ಚೌಕಟ್ಟೇ ಇರ್ಲಿಲ್ವಲ್ಲ. ಏಳನೇದು ಅಂತ ಹೇಗೆ ಹೇಳ್ತೀರಿ?"

"ಅದರ ಪಕ್ಕದಲ್ಲೇ ಅಲ್ವಾ ನೀವು ಊಟದ ಡಬ್ಬಿ ತೆಗೆಯೋದು? ಎಡಗಾಲು ಚಿಮಣಿಗೆ ಒತ್ತಿಕೊಂಡು. ಮೂರು ತಿಂಗಳಿಂದ ಕೆಳಗೆ ನಿಂತು ಅದನ್ನೇ ನೋಡ್ತಿದೀನಿ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅವಳ ಕಿವಿ ಕೆಂಪಾಗಿತ್ತು. ಕೋಪಕ್ಕೋ, ಬೇರೆ ಯಾವುದಕ್ಕೋ, ದೇವರೇ ಬಲ್ಲ.

"ಆಂಟಿ, ಬಟ್ಟೆ ಅಳೆಯೋ ಟೇಪ್ ಇದ್ಯಾ?" ಎಂದು ಕೇಳಿದಳು.

ವಿಷಯ ತಿಳಿದ ಆಂಟಿ ಹಣೆ ಚಚ್ಚಿಕೊಂಡರು. "ಅಳೆದ್ಕೋ ತಾಯಿ. ಆದ್ರೆ ಮುಹೂರ್ತ ಮೀರಬಾರದು. ಏರಿಸ್ತಾ ಏರಿಸ್ತಾನೇ ಅಳೆ."

ಪೂಜೆ ಮಾಡಿಸುತ್ತಿದ್ದ ಗೋಪಿನಾಥ ಅಂಕಲ್ ಒಂದೊಂದೇ ಹೆಸರು ಹೇಳಿದರು. ಪ್ರತಿ ಹೆಸರಿಗೂ ಅವಳು ಎರಡು ಕುಡಿ ಅಳೆದು, ಬರೆದು, ನನ್ನ ಕೈಗಿಡುತ್ತಿದ್ದಳು. ನಾನು ಗಣಪತಿಗೆ ಏರಿಸುತ್ತಿದ್ದೆ. ಮಂತ್ರದ ನಡುವೆ "ಹನ್ನೊಂದೂವರೆ, ಒಂಬತ್ತು" ಎಂಬ ಪಿಸುಮಾತು. ಪ್ರತಿ ಸಲವೂ ಅವಳ ಬೆರಳು ನನ್ನ ಅಂಗೈಗೆ ತಾಕುತ್ತಿತ್ತು, ನನಗೆ ಮಂತ್ರ ಒಂದೂ ಕೇಳಿಸುತ್ತಿರಲಿಲ್ಲ.

ಕಡೆಗೆ ಒಂದು ಉಳಿಯಿತು. ಅದನ್ನು ಬೆಳಕಿಗೆ ಹಿಡಿದಳು. "ಇದು ಗರಿಕೇನೇ ಅಲ್ಲ. ಕ್ರ್ಯಾಬ್‌ಗ್ರಾಸ್."

"ಗಣಪನಿಗೆ ಕಳೆ ತಂದ್ಯೇನೋ!" ಎಂದರು ಆಂಟಿ. ಮನೆಯೆಲ್ಲ ನಕ್ಕಿತು. ಶೈಲಜಾಳೂ ನಕ್ಕಳು. ನನಗೆ ಹೋದ ಜೀವ ಬಂತು.

ಮಂಗಳಾರತಿಯಾದ ಮೇಲೆ ಹಿಂದಿನ ಡೆಕ್‌ನಲ್ಲಿ ಅವಳ ಪಕ್ಕ ಕೂತೆ.

"ನಾಳೆ ಕತ್ತರಿಸಿದ ಬುಡ ಎಣಿಸಿ ತಾಳೆ ನೋಡ್ತೀನಿ. ಸರಿಹೋದ್ರೆ ಬಚಾವ್," ಎಂದಳು. ಅಳತೆ ಬರೆದ ಹಾಳೆ ಮಡಿಸಿ ನನ್ನತ್ತ ತಿರುಗಿದಳು. "ನೀವು ಸುಳ್ಳು ಹೇಳಿದ್ರೆ ಏನಾಗ್ತಿತ್ತು ಗೊತ್ತಾ? ಸೂರಿನ ಮೇಲೆ ಗರಿಕೆ ಬಿಸಿಲು ತಡೀಲಿಲ್ಲ, ಸತ್ತೋಯ್ತು ಅಂತ ಬರೀತಿದ್ದೆ. ಎಲ್ಲರೂ ನಂಬ್ತಿದ್ರು."

"ಸುಳ್ಳು ಹೇಳಿ ನಿಮ್ಮ ಮುಖ ಹೇಗೆ ನೋಡ್ಲಿ? ನೀವಂದ್ರೆ ನಂಗೆ ಪ್ರಾಣ, ಶೈಲಜಾ."

ಅಂದೇಬಿಟ್ಟೆ. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ಮುಂದಿನ ವರ್ಷ ಗರಿಕೆ ನಾನೇ ತರ್ತೀನಿ. ನಿಮ್ಮನ್ನ ನಂಬೋ ಹಾಗಿಲ್ಲ."

"ಆಂಟಿ ಮನೆಗಾ?"

"ಅಲ್ಲ." ತಲೆಯೆತ್ತಿ ನನ್ನನ್ನೇ ನೋಡಿದಳು. "ನಮ್ಮನೆ ಗಣಪತಿಗೆ. ನಾವಿಬ್ರೂ ಇರೋ ಮನೆ."

ಒಳಗಿನಿಂದ ವಸಂತಾ ಆಂಟಿ ಊಟಕ್ಕೆ ಕರೆದರು. ಇಬ್ಬರಿಗೂ ಕೇಳಿಸಿತು, ಇಬ್ಬರೂ ಏಳಲಿಲ್ಲ.