ಅಂಗನವಾಡಿಯ ಕೈಮಾತು

"ನಮ್ಮ ಮಗೂನ ಮೂಗಿ ಮಾಡ್ಬೇಕು ಅಂತಿದೀರೇನ್ರೀ?"

ಬಿಳಿಗೆರೆಯ ಅಂಗನವಾಡಿ ಬಾಗಿಲಲ್ಲಿ ನಿಂತು ಉಜ್ವಲ್ ಕೇಳಿದ. ಅಕ್ಕ, ಭಾವ ಅಪಘಾತದಲ್ಲಿ ತೀರಿಹೋದ ಮೇಲೆ ಅವರ ಮಗಳು ಧನ್ಯಶ್ರೀಯನ್ನು ಅವನೇ ಸಾಕುತ್ತಿದ್ದ. ಮೂರು ತುಂಬಿದರೂ ಅವಳಿಗೆ ಮಾತು ಬಂದಿರಲಿಲ್ಲ. ಕಿವಿ ಚೆನ್ನಾಗಿದೆ, ಕಾಯಿರಿ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಹೊಸ ಟೀಚರ್ ಯೋಗಿತಾ ಮಕ್ಕಳಿಗೆಲ್ಲ ಕೈಸನ್ನೆ ಕಲಿಸತೊಡಗಿದ್ದಳು.

"ಮಾತು ಬರೋಗಂಟ ಮಗು ಅಳ್ತಾನೇ ಇರ್ಬೇಕಾ? ಹಸಿವು, ನೀರು, ಸಾಕು ಅಂತ ಕೈಲಿ ಹೇಳಿದ್ರೆ ಅರ್ಧ ಹಟ ಇಳೀತದೆ. ಇದ್ರಿಂದ ಮಾತು ನಿಲ್ಲಲ್ಲ ಕಣ್ರೀ."

"ನಿಮಗೆ ಹೆಂಗೆ ಗೊತ್ತು?"

"ನಮ್ಮಮ್ಮಂಗೆ ಕಿವಿ ಕೇಳಲ್ಲ. ನಾನು ಮೊದಲು ಮಾತಾಡಿದ್ದೇ ಕೈಲಿ. ಈಗ ನೋಡಿ, ಬಾಯಿ ಮುಚ್ತೀನಾ?"

ಅವಳ ಕಣ್ಣಂಚಲ್ಲಿ ನಗುವಿತ್ತು. ಆ ನಗುವಿನ ಮೇಲೂ ಅವನಿಗೆ ಅನುಮಾನ. ದಿನವೂ ತೋಟದಿಂದ ಬಂದು ಕಿಟಕಿಯ ಹೊರಗೆ ನಿಲ್ಲುತ್ತಿದ್ದ. ಮಗುವನ್ನು ಕಾಯಲು ಎಂದುಕೊಂಡರೂ ಕಣ್ಣು ಅವಳ ಬೆರಳುಗಳನ್ನು ಬಿಡುತ್ತಿರಲಿಲ್ಲ.

"ಒಳಗೆ ಬನ್ರೀ, ಪೊಲೀಸ್ನೋರ ಥರ ಯಾಕೆ?" ಅವಳು ಕೆಣಕುತ್ತಿದ್ದಳು.

ಒಂದು ಬೆಳಿಗ್ಗೆ ಧನ್ಯಶ್ರೀ ಅಳು ನಿಲ್ಲಿಸಲಿಲ್ಲ. ಹೊಟ್ಟೆನೋವಿರಬೇಕೆಂದು ಉಜ್ವಲ್‌ನ ತಾಯಿ ಗುರುಶಾಂತಮ್ಮ ಓಮದ ನೀರು ತಂದರು. ಮಗು ಲೋಟ ತಳ್ಳಿ, ಕೈ ಒದರಿ, ಕಿವಿ ಮುಟ್ಟಿಕೊಂಡಿತು.

ಉಜ್ವಲ್ ಅಂಗನವಾಡಿ ಕಿಟಕಿಯಲ್ಲಿ ಕಂಡಿದ್ದ ಸನ್ನೆ. ನೋವು!

ತಿಪಟೂರಿನ ಡಾಕ್ಟರು ಕಿವಿಯಿಂದ ಊದಿಕೊಂಡಿದ್ದ ಹೆಸರುಕಾಳೊಂದನ್ನು ತೆಗೆದರು.

ಮರುದಿನ ಉಜ್ವಲ್ ಒಳಗೇ ಹೋದ. "ನಂಗೂ ಕಲಿಸ್ತೀರಾ?"

ಮೂರು ತಿಂಗಳಲ್ಲಿ ಧನ್ಯಶ್ರೀ ನೀರಿನ ಸನ್ನೆ ಮಾಡುತ್ತಲೇ "ನೀಯು" ಎಂದಳು. ಉಜ್ವಲ್ ಕಣ್ಣೊರೆಸಿಕೊಂಡ. ಅದೇ ವಾರ ಯೋಗಿತಾಳನ್ನು ಮದುವೆಗೆ ಕೇಳಿದ.

ಈಗ ಅನುಮಾನ ಅವಳದು. "ಮಗೂಗೆ ತಾಯಿ ಬೇಕು ಅಂತ ತಾನೇ?"

"ಮಗೂಗೆ ನಾನಿದೀನಿ, ನಮ್ಮವ್ವ ಇದಾಳೆ. ನೀವು ಬೇಕಾಗಿರೋದು ನಂಗೆ."

"ನಮ್ಮಮ್ಮನ್ನ ಕೇಳಿ. ನಾನು ಮಧ್ಯೆ ಬಾಯಿ ಹಾಕಲ್ಲ."

ಭಾನುವಾರ ಶೆಟ್ಟಿಕೆರೆಯ ಮನೆಯಲ್ಲಿ ಅವಳ ತಾಯಿ ದ್ರಾಕ್ಷಾಯಣಮ್ಮ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಉಜ್ವಲ್ ಕೈಸನ್ನೆಯಲ್ಲೇ ಹೇಳಿದ: ನಿಮ್ಮ ಮಗಳು ನನಗೆ ಇಷ್ಟ.

ಯಾಕೆ? ಅವರ ಕೈ ಕೇಳಿತು.

ಅವನು ಕಲಿತಿದ್ದ ಸನ್ನೆಗಳು ಅಲ್ಲಿಗೇ ಮುಗಿದಿದ್ದವು. ಯೋಗಿತಾಳ ಕಡೆ ತಿರುಗಿದವನು ನೋಡುತ್ತಲೇ ಉಳಿದ. ದ್ರಾಕ್ಷಾಯಣಮ್ಮ ಮಗಳಿಗೆ ಏನೋ ಹೇಳಿದರು. ಯೋಗಿತಾಳ ಮುಖ ಕೆಂಪಾಯಿತು.

"ಏನಂದ್ರು?"

"ಸುಳ್ಳು ಹೇಳೋವಷ್ಟು ಸನ್ನೆ ಈ ಹುಡುಗಂಗೆ ಇನ್ನೂ ಬರಲ್ವಂತೆ. ನಂಬಬೋದಂತೆ."

"ನೀವು ನಂಬ್ತೀರಾ?"

ಅವಳು ಅವನ ಕೈ ಹಿಡಿದುಕೊಂಡಳು.